ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ

ಅಕ್ಟೋಬರ್ ತಿಂಗಳ ಕೊನೆಯ ವಾರ. ಅಂಗಳದಲ್ಲಿ ಒಣಗಲು ಹರವಿದ್ದ ಬಿಳಿ ಬೀನ್ಸ್ ಕಾಳನ್ನು ಅಗಾತೆ ಮೊರಕ್ಕೆ ಬಾಚುತ್ತಿದ್ದಳು. ಗೇಟು ತೆರೆದ ಸದ್ದಿಗಿಂತ ಮೊದಲೇ ಉಲ್ಕನ್ ಎಜೆಯ ಗಂಟಲು ಕೇಳಿಸಿತು.

"ಅಗಾತಾ! ಇಲ್ಲಿ ಬಾ. ಆಣೆ ಇಡೋದು ನಿಮ್ಮಲ್ಲಿ ಪಾಪ, ಗೊತ್ತು. ಆಣೆ ಬೇಡ. ನನ್ನ ಮುಖ ನೋಡ್ಕೊಂಡು ಒಂದು ಮಾತು ಹೇಳು, ಸಾಕು."

ಉಲ್ಕನ್ ಮೂರು ಮನೆ ಆಚೆಯ ಕಿರ್ಗಿಜ್ ವಿಧವೆ. ಅರವತ್ತು ದಾಟಿದವಳು. ಊರಿನವರೆಲ್ಲರಂತೆ ಅಗಾತೆಯೂ ಅವಳನ್ನು ಅಕ್ಕ ಎಂಬ ಅರ್ಥದಲ್ಲಿ ಎಜೆ ಎಂದೇ ಕರೆಯುತ್ತಿದ್ದಳು. ಇವತ್ತು ಅವಳ ರಬ್ಬರ್ ಬೂಟಿಗೆ ಮೊಣಕಾಲವರೆಗೂ ಕೆಸರು ಮೆತ್ತಿತ್ತು, ತಲೆಯ ಬಟ್ಟೆ ಕುತ್ತಿಗೆಗೆ ಜಾರಿತ್ತು.

"ಏನಾಯ್ತು ಎಜೆ?"

"ನನ್ನ ಹೊಲಕ್ಕೆ ಕಂಬ ನೆಡ್ತಿದಾರೆ. ನಿಮ್ಮ ತೀಸೆನ್ ಆಳುಗಳು. ಯಾಕ್ರೋ ಅಂದ್ರೆ, 'ಅಜ್ಜಿ, ಮಾರಿದ ಹೊಲದ ಮೇಲೆ ಯಾಕೆ ಓಡಾಡ್ತೀಯ' ಅಂತಾವೆ. ಕಚೇರಿಗೆ ಹೋದೆ. ಗುಮಾಸ್ತ ಮಿರ್ಲಾನ್ ಕಾಗದ ತೆಗೆದು ತೋರಿಸ್ದ. ಕ್ರಯಪತ್ರ ಅಂತೆ. ಕೆಳಗೆ ನನ್ನ ಗೀಚು. ಅದರ ಕೆಳಗೆ ಯಾರ ಹೆಸರಿದೆ ಗೊತ್ತಾ?"

ಅಗಾತೆಯ ಕೈಯಲ್ಲಿದ್ದ ಮೊರ ವಾಲಿತು. ಕಾಳು ಮತ್ತೆ ನೆಲಕ್ಕೆ ಸುರಿಯಿತು.

ಯಾರ ಹೆಸರಿದೆ ಎಂದು ಅವಳಿಗೆ ಗೊತ್ತಿತ್ತು. ಮಾರ್ಚ್ ತಿಂಗಳಲ್ಲಿ ಅಬ್ರಾಮ್ ತೀಸೆನ್ ಅವಳನ್ನು ತನ್ನ ಮನೆಗೆ ಕರೆಸಿದ್ದ. ಅಗಾತೆಯಂತೆ ಜರ್ಮನ್ ಮೂಲದವನು, ಅವಳದೇ ಬ್ಯಾಪ್ಟಿಸ್ಟ್ ಸಭೆಯವನಾದ್ದರಿಂದ ಸಹೋದರ, ಬೀನ್ಸ್ ವ್ಯಾಪಾರಿ, ಹಿಟ್ಟಿನ ಗಿರಣಿಯ ಒಡೆಯ. ಮೇಜಿನ ಮೇಲೆ ಚಹಾ ಇತ್ತು, ಕಾಗದ ಇತ್ತು. ಆಚೆ ಬದಿಯಲ್ಲಿ ಉಲ್ಕನ್ ಕೂತಿದ್ದಳು. "ಐದು ವರ್ಷದ ಗೇಣಿ, ತಂಗಿ. ಸಾಕ್ಷಿಗೆ ಒಂದು ಹೆಸರು ಬೇಕಲ್ಲ" ಎಂದಿದ್ದ ತೀಸೆನ್. ರಷ್ಯನ್ ಓದಲು ಬಾರದ ಉಲ್ಕನ್, ಕಾಗದ ಬಿಟ್ಟು ಅಗಾತೆಯ ಮುಖವನ್ನೇ ನೋಡಿ ಕೇಳಿದ್ದಳು: "ಸರಿಯಾಗಿದೆಯಾ?" ಅಗಾತೆ ಕಾಗದದ ಮೇಲೆ ಕಣ್ಣನ್ನೂ ಹಾಯಿಸಿರಲಿಲ್ಲ. ಸಭೆಯ ಸಹೋದರ ಕೊಟ್ಟ ಕಾಗದವನ್ನು ಅವನೆದುರೇ ಓದಿ ನೋಡುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ. ಅವಳ ಅಪ್ಪನೂ ಹಾಗೆ ಓದಿ ನೋಡಿದವನಲ್ಲ, ಗಂಡನೂ ಅಲ್ಲ. "ಸರಿಯಾಗಿದೆ ಎಜೆ" ಎಂದು ಸಹಿ ಹಾಕಿದ್ದಳು. ಅವರ ಊರಿದ್ದ ತಲಾಸ್ ಕಣಿವೆಯಲ್ಲಿ ಬ್ಯಾಪ್ಟಿಸ್ಟರು ಕುಡಿಯುವುದಿಲ್ಲ, ಸುಳ್ಳಾಡುವುದಿಲ್ಲ ಎಂದು ಹೆಸರು. ಆ ಹೆಸರನ್ನು ನಂಬಿಯೇ ಉಲ್ಕನ್ ಸಹಿ ಗೀಚಿದ್ದಳು.

"ನಂಗೆ ಗೇಣಿ ಅಂತಾನೇ ಹೇಳಿದ್ರು ಎಜೆ. ನಾನೂ ಓದ್ಲಿಲ್ಲ."

"ಅಷ್ಟನ್ನೇ ಬಂದು ಹೇಳು. ಮಿರ್ಲಾನ್ ಒಳ್ಳೇ ಹುಡುಗ. ಸಾಕ್ಷಿ ಬಂದು 'ಓದಿ ಹೇಳ್ಲಿಲ್ಲ' ಅಂತ ಬರೆದುಕೊಟ್ರೆ ಕಡತ ತಡೀತೀನಿ ಅಂದ. ವರ್ಷದ ಕೊನೆಗೆ ಅದು ಜಿಲ್ಲೆಗೆ ಹೋಗುತ್ತಂತೆ. ಹೋದ್ಮೇಲೆ ದೇವರು ಬಂದ್ರೂ ಆಗಲ್ವಂತೆ. ನಡಿ, ಈಗಲೇ ಹೋಗೋಣ."

ಅಗಾತೆ ಏಪ್ರನ್‌ಗೆ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿದಳು.

"ಸ್ವಲ್ಪ ದಿನ ಕೊಡು ಎಜೆ. ಸಹೋದರನ ಮೇಲೆ ಹೊರಗಿನವರ ಕಚೇರಿಗೆ ಹೋಗೋದು ನಮ್ಮಲ್ಲಿಲ್ಲ. ಮೊದ್ಲು ನಾನೇ ಅವನ ಹತ್ರ ಹೋಗಿ ಕೇಳ್ಬೇಕು. ಕೇಳ್ಲಿಲ್ಲ ಅಂದ್ರೆ ಇಬ್ಬರನ್ನ ಕರ್ಕೊಂಡು ಹೋಗ್ಬೇಕು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಸಭೆ ಮುಂದೆ ಹೇಳ್ಬೇಕು. ಕರ್ತ ಹಾಕಿಕೊಟ್ಟ ದಾರಿ ಅದು. ಅವನೇ ಹೊಲ ವಾಪಸ್ ಕೊಡ್ತಾನೆ, ನೋಡು."

ಉಲ್ಕನ್ ಅವಳನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಮೂರು ಮೆಟ್ಟಿಲು. ಸರಿ, ನೀನು ಹತ್ತು. ಹೊಸ ವರ್ಷ ಬರೋದ್ರೊಳಗೆ ಹತ್ತಿ ಮುಗಿಸು."

*

ಗಿರಣಿಯ ಪಕ್ಕದ ಗೋದಾಮಿನಲ್ಲಿ ತೀಸೆನ್ ಮೂಟೆಗಳ ಮೇಲೆ ಕೂತು ಸೇಬು ತಿನ್ನುತ್ತಿದ್ದ. ದುಂಡು ಮುಖ, ಯಾವಾಗಲೂ ಬೆಚ್ಚಗಿರುವ ಕೈ. ನಾಲ್ಕು ಚಳಿಗಾಲಗಳ ಹಿಂದೆ ಅಗಾತೆಯ ಗಂಡ ಕೊರ್ನೇಲಿಯುಸ್ ಬೆಟ್ಟದಿಂದ ಹುಲ್ಲು ತರುವಾಗ ಟ್ರಾಕ್ಟರ್ ಮಗುಚಿ ಸತ್ತ. ಆಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಇದೇ ತೀಸೆನ್. ಜರ್ಮನಿಗೆ ಹೊರಟುಹೋದವರೊಬ್ಬರ ಮನೆಯನ್ನು ಕೊಂಡಿಟ್ಟಿದ್ದವನು, "ನೀನೂ ಮಕ್ಕಳೂ ಇರಿ ತಂಗಿ, ಬಾಡಿಗೆ ಮಾತು ಎತ್ತಬೇಡ" ಎಂದು ಬೀಗದಕೈ ಕೊಟ್ಟಿದ್ದ. ಅಗಾತೆಯ ಮೂರು ಮಕ್ಕಳು ಆ ಮನೆಯ ದೊಡ್ಡ ಇಟ್ಟಿಗೆ ಒಲೆಗೆ ಬೆನ್ನು ಕೊಟ್ಟೇ ಬೆಳೆದಿದ್ದವು.

"ಗೇಣಿ ಅಂದಿದ್ರಿ, ಸಹೋದರ."

ತೀಸೆನ್ ಸುಳ್ಳು ಹೇಳಲಿಲ್ಲ. ಅದೇ ಅವಳಿಗೆ ಕಷ್ಟವಾದದ್ದು.

"ಅಂದಿದ್ದೆ. ಮಾರಾಟ ಅಂದಿದ್ರೆ ಮುದುಕಿ ಹೆದರ್ತಿದ್ಲು. ಆ ಹೊಲ ಅವಳ ಕೈಲಿ ಏನಾಗುತ್ತೆ ಹೇಳು? ಮಾಸ್ಕೋದಲ್ಲಿರೋ ಮಗ ಬಂದು ಒಂದು ದಿನ ಕುಡಿದು ಮುಗಿಸ್ತಾನೆ. ನನ್ನ ಕೈಗೆ ಬಂದ್ರೆ ಇಪ್ಪತ್ತು ಜನಕ್ಕೆ ಕೆಲಸ. ಪ್ರಾರ್ಥನಾ ಮಂದಿರದ ಸೂರು ಯಾರು ಹಾಕಿಸಿದ್ದು? ನಾನಲ್ಲ ತಂಗಿ, ಕರ್ತ. ನನ್ನ ಕೈಲಿ ಹಾಕಿಸ್ದ. ಅವನು ಆಶೀರ್ವಾದ ಮಾಡ್ತಿರೋವಾಗ ಬೇಡ ಅನ್ನೋಕೆ ನಾನ್ಯಾರು?"

"ಅವಳಿಗೆ ವಾಪಸ್ ಕೊಡಿ."

"ಯೋಚಿಸ್ತೀನಿ." ಸೇಬಿನ ದಿಂಡನ್ನು ಎಸೆದು ಕೈ ಜಾಡಿಸಿದ. "ಒಲೆ ಚೆನ್ನಾಗಿ ಉರಿಯುತ್ತಾ? ಈ ಸಲ ಚಳಿ ಜಾಸ್ತಿ ಅಂತಾರೆ. ಕಲ್ಲಿದ್ದಲು ಕಳಿಸ್ತೀನಿ."

ಮರುದಿನ ಒಂದು ಗಾಡಿ ಕಲ್ಲಿದ್ದಲು ಬಂದು ಅಂಗಳದಲ್ಲಿ ಬಿತ್ತು. ಹಿಂದಕ್ಕೆ ಕಳಿಸಬೇಕು ಎಂದು ಅಗಾತೆ ಸಂಜೆಯವರೆಗೂ ಅಂದುಕೊಂಡಳು. ಸಂಜೆ ಕಿರಿಯವಳು ಮಾರಿಕೆ ಕೆಮ್ಮಿದಳು. ದೊಡ್ಡವಳು ಲೇನಾ ಕೇಳದೆಯೇ ಬಕೆಟ್ಟಿನಲ್ಲಿ ತುಂಬಿ ತಂದಳು.

*

ಎರಡನೆಯ ಮೆಟ್ಟಿಲಿಗೆ ಇಬ್ಬರು ಬೇಕಿತ್ತು. ಸಭಾಹಿರಿಯ ಯಾಕೋಬ್ ರೆಂಪೆಲ್ ರಾಜಧಾನಿ ಬಿಷ್ಕೆಕ್‌ಗೆ ಹೋಗಿದ್ದವರು ನವೆಂಬರ್ ಮಧ್ಯದವರೆಗೂ ಬರಲಿಲ್ಲ. ಬಂದವರು ಜ್ವರ ಹಿಡಿದು ಮಲಗಿದರು. ಇನ್ನೊಬ್ಬರಿಗಾಗಿ ಅಗಾತೆ ಐದು ಮನೆ ಹತ್ತಿಳಿದಳು. ಒಬ್ಬನ ಮಗ ತೀಸೆನ್ ಲಾರಿ ಓಡಿಸುತ್ತಿದ್ದ, ಇನ್ನೊಬ್ಬಳ ಗಂಡ ಗಿರಣಿಯಲ್ಲಿದ್ದ. ಕೊನೆಗೆ ಸಿಕ್ಕಿದ್ದು ಎಂಬತ್ತಮೂರರ ಸೂಶೆ ಅಜ್ಜಿ.

"ಬರ್ತೀನಿ ಕಣೇ. ನಂಗೆ ಅವನಿಂದ ಏನು ಆಗ್ಬೇಕು, ಹಲ್ಲೇ ಇಲ್ದೋಳಿಗೆ ಅವನ ಬೀನ್ಸ್ ಯಾತಕ್ಕೆ? ಐಶ್ವರ್ಯವಂತ ಪರಲೋಕಕ್ಕೆ ಹೋಗೋದಕ್ಕಿಂತ ಒಂಟೆ ಸೂಜಿಕಣ್ಣಲ್ಲಿ ತೂರೋದು ಸುಲಭ ಅಂತಾರೆ. ನಮ್ಮ ಅಬ್ರಾಮ ಬುದ್ಧಿವಂತ, ಸೂಜಿಯನ್ನೇ ಕೊಂಡ್ಕೊಂಡುಬಿಟ್ಟಿದಾನೆ."

ಡಿಸೆಂಬರ್ ಮೊದಲ ವಾರ ಮೂವರೂ ಹೋದರು. ತೀಸೆನ್ ಅವರ ಕೋಟು ತಾನೇ ಕಳಚಿ ಗೂಟಕ್ಕೆ ಹಾಕಿದ. ರೆಂಪೆಲ್ ಮಾತು ಆರಂಭಿಸುವ ಮೊದಲೇ ಅವನ ಕಣ್ಣು ತುಂಬಿತು.

"ನಾನು ಮಣ್ಣು, ಸಹೋದರರೇ. ತಪ್ಪಿರಬಹುದು. ಇದನ್ನ ಕರ್ತನ ಮುಂದೆ ಇಡೋಕೆ ನಂಗೆ ಸ್ವಲ್ಪ ಸಮಯ ಕೊಡಿ."

"ಎಷ್ಟು ಸಮಯ ಬೇಕಪ್ಪ?" ಎಂದಳು ಸೂಶೆ ಅಜ್ಜಿ. "ನಂಗೆ ಜಾಸ್ತಿ ಉಳಿದಿಲ್ಲ."

ರೆಂಪೆಲ್ ಅಜ್ಜಿಯ ಮೊಣಕೈ ಮುಟ್ಟಿ ಸುಮ್ಮನಿರಿಸಿದರು. ಪ್ರಾರ್ಥನೆಗೆ ಸಮಯ ಕೇಳಿದವನಿಗೆ ಇಲ್ಲವೆನ್ನುವ ಬಾಯಿ ಅವರ ಸಭೆಯಲ್ಲಿ ಯಾರಿಗೂ ಇರಲಿಲ್ಲ.

ಹೊರಗೆ ಬಂದಾಗ ಅಗಾತೆ ಕೇಳಿದಳು: "ಮೂರನೇದು ಯಾವಾಗ? ಸಭೆಗೆ ಯಾವಾಗ ಹೇಳೋದು?"

"ಕ್ರಿಸ್‌ಮಸ್ ಬಂತು ತಂಗಿ. ಜರ್ಮನಿಯಿಂದ ಅತಿಥಿಗಳು ಬರ್ತಿದಾರೆ, ಮಕ್ಕಳ ಹಾಡು ಇದೆ. ಅವರೆಲ್ಲರ ಮುಂದೆ ಈ ಕೊಳೆ ಬೇಡ. ಜನವರಿ ಮೊದಲ ಭಾನುವಾರ, ರೊಟ್ಟಿ ಮುರಿಯೋ ಮೊದಲು, ಸದಸ್ಯರ ಕೂಟದಲ್ಲಿ ಎತ್ತೋಣ."

"ಕಚೇರಿ ಗಡುವು ಅದಕ್ಕೆ ಮುಂಚೆ ಮುಗಿಯುತ್ತೆ."

"ಕಚೇರಿ ಗಡುವು ದೊಡ್ಡದೋ, ಕರ್ತನ ಮಾತು ದೊಡ್ಡದೋ?"

ಕರ್ತನ ಮಾತೇ ದೊಡ್ಡದು ಎಂದು ಅಗಾತೆ ಮನಸ್ಸಿನಲ್ಲೇ ಒಪ್ಪಿದಳು. ಒಪ್ಪಿದ ಕೂಡಲೇ ಎದೆಯ ಭಾರ ಇಳಿಯಿತು, ಅಷ್ಟು ಸುಲಭಕ್ಕೆ ಇಳಿದದ್ದು ಅವಳಿಗೆ ಹಿಡಿಸಲಿಲ್ಲ.

ಉಲ್ಕನ್ ವಾರಕ್ಕೊಮ್ಮೆ ಗೇಟಿಗೆ ಬಂದು ನಿಲ್ಲುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ.

"ಎಷ್ಟನೇ ಮೆಟ್ಟಿಲು?"

"ಎರಡನೇದು ಆಯ್ತು ಎಜೆ."

"ನಿಮ್ಮ ದೇವರ ಕಚೇರಿ ಬಲು ನಿಧಾನ. ನಮ್ಮ ಜಿಲ್ಲಾ ಕಚೇರೀಲಿ ಒಂದು ಕುರಿ ಕೊಟ್ರೆ ಅದೇ ದಿನ ಕೆಲಸ ಆಗುತ್ತೆ." ನಗುತ್ತಿದ್ದಳು. ಡಿಸೆಂಬರ್ ಮೂರನೇ ವಾರದಿಂದ ನಗುವುದನ್ನು ಬಿಟ್ಟಳು.

*

ವರ್ಷದ ಕೊನೆಯ ದಿನ, ಶುಕ್ರವಾರ, ಅಗಾತೆ ಊರ ಕಚೇರಿಗೆ ಹೋದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗುಮಾಸ್ತ ಮಿರ್ಲಾನ್ ಕಿಟಕಿಯಿಂದ ಕಂಡು ತಾನೇ ಬಾಗಿಲು ತೆರೆದ.

"ಬನ್ನಿ ಎಜೆ, ಎಷ್ಟು ದಿನದಿಂದ ಕಾಯ್ತಿದೀನಿ. ಬರೆದು ಇಟ್ಟಿದೀನಿ, ಓದಿ ಒಂದು ಸಹಿ ಹಾಕಿ, ಮುಗೀತು."

ಮೇಜಿನ ಮೇಲೆ ಒಂದೇ ಹಾಳೆ. ಪಕ್ಕದಲ್ಲಿ ಹಗ್ಗ ಕಟ್ಟಿದ ಕಡತಗಳ ಕಟ್ಟು.

"ಸೋಮವಾರ ಆಗಲ್ವಾ? ಭಾನುವಾರ ನಮ್ಮ ಸದಸ್ಯರ ಕೂಟ ಇದೆ. ಅಲ್ಲಿ ಅವನೇ ಒಪ್ಕೋತಾನೆ."

"ಸೋಮವಾರ ರಜೆ. ಜೀಪು ಸಂಜೆ ನಾಲ್ಕಕ್ಕೆ ಬರುತ್ತೆ, ಇವನ್ನೆಲ್ಲ ಹೊತ್ಕೊಂಡು ಹೋಗುತ್ತೆ." ಅವನು ಅವಳ ಮುಖ ನೋಡಿದ. "ಒಪ್ಕೊಳ್ಳೋ ಹಾಗಿದ್ರೆ ಎರಡು ತಿಂಗಳಲ್ಲಿ ಒಪ್ಕೋತಿರ್ಲಿಲ್ವಾ, ಎಜೆ?"

"ಪ್ರಾರ್ಥನೆ ಮಾಡ್ತೀನಿ ಅಂದಿದಾನೆ."

ಮಿರ್ಲಾನ್ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು, ಸಿಟ್ಟಿನಲ್ಲಿ ಸಹಿ ಹಾಕಿಬಿಡುತ್ತಿದ್ದಳೋ ಏನೋ. ಅವನು ಪೆನ್ನು ಮುಂದೆ ತಳ್ಳಿ ಕಿಟಕಿಯ ಕಡೆ ತಿರುಗಿ ನಿಂತ.

ಮೂರನೆಯ ಮೆಟ್ಟಿಲು ಬಾಕಿ ಇದೆ, ಅದನ್ನು ಬಿಟ್ಟು ಹಾರಿದರೆ ಆಜ್ಞೆ ಮೀರಿದಂತೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಸಭೆಯ ಹೆಸರು ಕಚೇರಿಯ ಕಡತಕ್ಕೆ ಹೋಗಬಾರದು ಎಂದೂ ಹೇಳಿಕೊಂಡಳು. ಈ ಎರಡು ಮಾತಿನ ಅಡಿಯಲ್ಲಿ ಇನ್ನೊಂದು ಇತ್ತು, ಅದಕ್ಕೆ ಮಾತಿನ ರೂಪ ಇರಲಿಲ್ಲ. ಜನವರಿಯ ಚಳಿಯಲ್ಲಿ ಮೂರು ಮಕ್ಕಳ ಕೈ ಹಿಡಿದು ಬೀದಿಯಲ್ಲಿ ನಿಂತ ಒಬ್ಬ ಹೆಂಗಸು, ಅಷ್ಟೇ.

"ಸೋಮವಾರ ಬರ್ತೀನಿ" ಎಂದಳು, ಸೋಮವಾರ ರಜೆ ಎಂದು ಈಗಷ್ಟೇ ಕೇಳಿದ್ದರೂ.

*

ಶನಿವಾರ ಹೊಸ ವರ್ಷ. ಪ್ರತಿ ತಿಂಗಳ ಮೊದಲ ಭಾನುವಾರ ಸಭೆಯವರೆಲ್ಲ ಒಂದೇ ರೊಟ್ಟಿ ಮುರಿದು ಹಂಚಿಕೊಳ್ಳುವ ಪವಿತ್ರ ಸಂಸ್ಕಾರಕ್ಕೆ, ಅಂದರೆ ಕರ್ತನ ಮೇಜಿಗೆ, ಬೇಕಾದ ರೊಟ್ಟಿಯನ್ನು ಹನ್ನೊಂದು ವರ್ಷದಿಂದ ಅಗಾತೆಯೇ ಸುಡುತ್ತಿದ್ದಳು. ಯಾರ ಮೇಲೂ ಮುನಿಸಿಲ್ಲದ, ಯಾರಿಗೂ ಅನ್ಯಾಯ ಮಾಡದ ಕೈ ಆ ಹಿಟ್ಟು ನಾದಬೇಕು ಎಂಬುದು ಸಭೆಯ ಪದ್ಧತಿ. ಹಿಟ್ಟು ಮಾತ್ರ ತೀಸೆನ್ ಗಿರಣಿಯದು. ಅವನ ಹೆಂಡತಿ ಮಾರ್ಗರೇತೆ ಪ್ರತಿ ಸಲ ಬಿಳಿ ಚೀಲದಲ್ಲಿ ತಾನೇ ತಂದುಕೊಡುತ್ತಿದ್ದಳು.

ಅವತ್ತೂ ತಂದಳು. ಬೂಟಿನ ಹಿಮ ಕೊಡವುತ್ತ ಹೊಸ್ತಿಲಲ್ಲೇ ನಿಂತು ಮಾತಿಗಿಳಿದಳು. ಕೆಟ್ಟವಳಲ್ಲ, ಬಾಯಿಗೆ ಬಂದದ್ದನ್ನು ಆಡುವವಳು.

"ಅಂತೂ ನಮ್ಮ ಅಬ್ರಾಮ್‌ಗೆ ನಿನ್ನೆ ರಾತ್ರಿ ನಿದ್ದೆ ಬಂತು ನೋಡು. ಆ ಹೊಲದ ತಲೆನೋವು ಮುಗೀತು. ಪಟ್ಟಣದ ವ್ಯಾಪಾರಿಗೆ ಕೊಟ್ಟಾಯ್ತು."

"ಯಾವಾಗ?"

"ಮಾತು ನವೆಂಬರಲ್ಲೇ ಆಗಿತ್ತಪ್ಪ. ಕಾಗದ ಜಿಲ್ಲೆಗೆ ಹೋಗ್ಲಿ ಅಂತ ಆ ಮನುಷ್ಯ ಕಾಯ್ತಿದ್ದ. ನಿನ್ನೆ ಹೋಯ್ತಲ್ಲ."

ಡಿಸೆಂಬರ್ ಮೊದಲ ವಾರ ಅವನ ಕಣ್ಣು ತುಂಬಿದ್ದು ಅಗಾತೆಗೆ ನೆನಪಾಯಿತು. ಅದು ಸುಳ್ಳು ಅಳುವಾಗಿರಲಿಲ್ಲ. ನಿಜವಾಗಿಯೂ ಅತ್ತಿದ್ದ. ಅತ್ತುಕೊಂಡೇ ದಿನ ಎಣಿಸಿದ್ದ.

ಮಾರ್ಗರೇತೆ ಹೋದ ಮೇಲೆ ಅಗಾತೆ ಪಾತ್ರೆ ತೊಳೆದು ಮೇಜಿನ ಮೇಲಿಟ್ಟಳು, ಚೀಲದ ಬಾಯಿ ಬಿಚ್ಚಿದಳು, ತೋಳು ಮಡಿಸಿದಳು. ಹಿಟ್ಟು ನುಣ್ಣಗೆ, ತಣ್ಣಗೆ ಇತ್ತು. ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ಚೀಲದ ಬಾಯಿ ಕಟ್ಟಿದಳು.

*

ಭಾನುವಾರ ದೀಕ್ಷಾಸ್ನಾನ ಆಗದವರನ್ನೂ ಮಕ್ಕಳನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಮುಂದೆ ಬಿಳಿ ಬಟ್ಟೆ ಮುಚ್ಚಿದ ಕರ್ತನ ಮೇಜು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಆ ಬಟ್ಟೆ ಹೊದಿಸಿದವಳು ಅಗಾತೆಯೇ.

ರೆಂಪೆಲ್ ನಾಲ್ಕು ಮಾತಿನಲ್ಲಿ ವಿಷಯ ಹೇಳಿದರು. ತೀಸೆನ್ ಎದ್ದು ನಿಂತ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಅವಸರ ಮಾಡ್ದೆ, ಸಹೋದರ ಸಹೋದರಿಯರೇ. ಪೂರ್ತಿ ಬಿಡಿಸಿ ಹೇಳ್ಬೇಕಿತ್ತು, ಹೇಳ್ಲಿಲ್ಲ. ಕ್ಷಮಿಸಿ."

ಹೆಂಗಸರ ಕಡೆ ಮೂಗು ಒರೆಸಿಕೊಳ್ಳುವ ಸದ್ದಾಯಿತು. ಕ್ಷಮಿಸುವವರು ಕೈ ಎತ್ತಿ ಎಂದು ರೆಂಪೆಲ್ ಅಂದಾಗ ಒಂದಾದ ಮೇಲೊಂದು ಕೈ ಮೇಲೆ ಹೋದವು. ಎತ್ತದ ಕೈ ಅಗಾತೆಯದೊಂದೇ.

"ಹೊಲ?" ಎಂದಳು ಸೂಶೆ ಅಜ್ಜಿ, ಕೈ ಎತ್ತಿಕೊಂಡೇ.

"ಅದು ಈಗ ಬೇರೆಯವರ ಪಾಲಾಗಿದೆ, ಅಜ್ಜಿ" ಎಂದರು ರೆಂಪೆಲ್. "ಸಹೋದರ ಆ ವಿಧವೆಗೆ ನಾಲ್ಕು ಮೂಟೆ ಹಿಟ್ಟು ಕಳಿಸ್ತಾರೆ. ಬನ್ನಿ, ಮೇಜಿನ ಹತ್ತಿರ ಬರೋಣ."

ಹಾಡು ಎದ್ದಿತು. ಇಬ್ಬರು ಹಿರಿಯರು ಬಿಳಿ ಬಟ್ಟೆಯ ಅಂಚು ಹಿಡಿದು ಮಡಿಸಿದರು. ಬಟ್ಟಲು ದ್ರಾಕ್ಷಾರಸದಿಂದ ತುಂಬಿತ್ತು. ತಟ್ಟೆಯಲ್ಲಿ ಏನೂ ಇರಲಿಲ್ಲ.

ಮುಂದಿನ ಸಾಲಿನವರ ಹಾಡು ಮೊದಲು ನಿಂತಿತು. ಹಿಂದಿನವರು ಕಾಣದೆ ಇನ್ನೊಂದು ಸಾಲು ಹಾಡಿ ನಿಲ್ಲಿಸಿದರು.

"ಸಹೋದರಿ ಅಗಾತೆ," ಎಂದರು ರೆಂಪೆಲ್, "ಮರೆತ್ರಾ?"

ಅವಳು ಎದ್ದಳು. ಮುಂದಿನ ಬೆಂಚಿನ ಬೆನ್ನನ್ನು ಹಿಡಿದುಕೊಂಡಳು.

"ಹಿಟ್ಟು ಅವನದು. ಸಹಿ ನಂದು. ಇವೆರಡು ಸೇರಿ ಕರ್ತನ ರೊಟ್ಟಿ ಆಗಲ್ಲ. ಅವನೊಬ್ಬನೇ ಅಲ್ಲ. ನಾನೂ ಸುಳ್ಳು ಸಾಕ್ಷಿ ಹೇಳಿದೀನಿ. ಆಮೇಲೆ ನಿಜ ಹೇಳ್ಬೇಕಾದ ದಿನ ಕಚೇರಿ ಮೇಜಿನವರೆಗೂ ಹೋಗಿ ವಾಪಸ್ ಬಂದೆ. ಆಜ್ಞೆ ಪಾಲಿಸ್ತಿದೀನಿ ಅಂದ್ಕೊಂಡೆ. ಮನೆ ಉಳಿಸ್ಕೊಳ್ತಿದ್ದೆ."

ಮಾರ್ಗರೇತೆ ತಲೆಬಟ್ಟೆ ಸರಿಪಡಿಸಿಕೊಂಡು ಎದ್ದು ಹೊರಗೆ ಹೋದಳು. ಅವಳ ಮನೆ ಎದುರಿಗೇ. ವಾಪಸ್ ಬಂದಾಗ ಅವಳ ಕೈಯಲ್ಲಿ ಟವೆಲು ಸುತ್ತಿದ ರೊಟ್ಟಿ ಇತ್ತು, ಮನೆಯವರ ಮಧ್ಯಾಹ್ನದ ಊಟಕ್ಕೆ ಸುಟ್ಟದ್ದು. ರೆಂಪೆಲ್ ಒಂದು ಗಳಿಗೆ ಅದನ್ನು ಕೈಯಲ್ಲಿ ಹಿಡಿದು ನಿಂತರು. ಆಮೇಲೆ ಕಣ್ಣು ಮುಚ್ಚಿ ಸ್ತೋತ್ರ ಮಾಡಿ ಮುರಿದರು.

ತಟ್ಟೆ ಸಾಲಿನಿಂದ ಸಾಲಿಗೆ ಬಂತು. ಸೂಶೆ ಅಜ್ಜಿ ಒಂದು ಚೂರು ತೆಗೆದುಕೊಂಡಳು. ಅಗಾತೆಯ ಕಡೆ ನೋಡದೆ ಪಿಸುಗುಟ್ಟಿದಳು: "ಮುಂದಿನ ತಿಂಗಳು ಇರ್ತೀನೋ ಇಲ್ವೋ ಕಣೇ. ಇದಿಲ್ದೆ ಸಾಯೋಕೆ ಭಯ ನಂಗೆ."

ಅಗಾತೆ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕದವಳಿಗೆ ದಾಟಿಸಿದಳು.

*

ಉಲ್ಕನ್ ಎಜೆ ಒಲೆಯ ಮುಂದೆ ಕೂತು ಉಣ್ಣೆ ಹಿಂಜುತ್ತಿದ್ದಳು. ಅಗಾತೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು, ತೀಸೆನ್ ಅತ್ತದ್ದು, ಕೈಗಳು ಎದ್ದದ್ದು, ತಟ್ಟೆ.

"ಅಂತೂ ತಟ್ಟೆ ಖಾಲಿ ಇಟ್ಟೆ ನೀನು" ಎಂದಳು ಉಲ್ಕನ್.

"ಹೂಂ ಎಜೆ."

"ಒಳ್ಳೇದು. ನಿಮ್ಮವರಿಗೆ ಅವಮಾನ ಆಯ್ತು. ನನ್ನ ಹೊಲ?"

"ಹೋಯ್ತು."

ಉಲ್ಕನ್ ಉಣ್ಣೆಯೊಳಗಿನ ಮುಳ್ಳನ್ನು ಕಿತ್ತು ಒಲೆಗೆ ಹಾಕಿದಳು. "ಶುಕ್ರವಾರ ಕಚೇರಿಗೆ ಹೋಗಿದ್ಯಂತೆ. ಮಿರ್ಲಾನ್ ಹೇಳ್ದ. ಪೆನ್ನೂ ಕೊಟ್ಟನಂತೆ."

ಅಗಾತೆ ತಲೆಯಾಡಿಸಿದಳು.

"ತೀಸೆನ್ ಕಳ್ಳ. ಕಳ್ಳರನ್ನ ನಾನು ಕಂಡಿದೀನಿ, ಅವರ ಹತ್ರ ಹೇಗಿರ್ಬೇಕು ಅಂತ ಗೊತ್ತು. ನೀನೂ ಕಳ್ಳಿ ಆಗಿದ್ರೆ ಅಕ್ಟೋಬರಲ್ಲೇ ನಾನು ಬೇರೆ ಯಾರ ಕಾಲಾದ್ರೂ ಹಿಡೀತಿದ್ದೆ. ಕುರಿ ಮಾರಿ ವಕೀಲನ್ನ ಇಡ್ತಿದ್ದೆ. ಅಗಾತಾ ಒಳ್ಳೇವಳು, ಬರ್ತಾಳೆ ಅಂತ ಕೂತೆ." ಧ್ವನಿ ಏರಲಿಲ್ಲ. "ಅವನು ಹೊಲ ತಗೊಂಡ. ನೀನು ಎರಡು ತಿಂಗಳು ತಗೊಂಡೆ."

"ಏನು ಮಾಡ್ಲಿ ಎಜೆ? ಹೇಳು, ಮಾಡ್ತೀನಿ."

"ಈಗಲಾ?" ಉಲ್ಕನ್ ಮೊದಲ ಸಲ ತಲೆಯೆತ್ತಿದಳು. "ಈಗ ಬಾಗಿಲು ಮುಚ್ಕೊಂಡು ಹೋಗು. ಚಳಿ ಒಳಗೆ ಬರ್ತಿದೆ."

*

"ಗಂಟು ಕಟ್ಟಿ" ಎಂದಾಗ ಲೇನಾ ತಾಯಿಯ ಎದುರು ನಿಂತಳು. ಹದಿನಾಲ್ಕು ವರ್ಷ, ಕೊರ್ನೇಲಿಯುಸ್‌ನದೇ ಗಲ್ಲ.

"ತೀಸೆನ್ ಮಾವ ಹೋಗಿ ಅಂದ್ರಾ?"

"ಇಲ್ಲ."

"ಮತ್ಯಾಕಮ್ಮ? ಹೊಲ ಅಂತೂ ವಾಪಸ್ ಬರಲ್ಲ. ನಾವು ಚಳೀಲಿ ಸತ್ರೆ ಉಲ್ಕನ್ ಅಜ್ಜಿಗೆ ಏನು ಸಿಗುತ್ತೆ?"

ಏನೂ ಸಿಗುವುದಿಲ್ಲ. ಅಗಾತೆಗೆ ಅದು ಗೊತ್ತಿತ್ತು. ಹಾಸಿಗೆಗಳನ್ನು ಸುತ್ತಿದಳು, ಬಾಣಲೆಯೊಳಗೆ ಲೋಟ, ಲೋಟದೊಳಗೆ ಚಮಚ ಇಟ್ಟಳು. ಸೂಶೆ ಅಜ್ಜಿಯ ಹಿತ್ತಲಿನಲ್ಲಿ ಬೇಸಿಗೆಯಲ್ಲಷ್ಟೇ ಬಳಸುವ ಅಡುಗೆಮನೆ ಖಾಲಿ ಇತ್ತು. ಒಂದೇ ಕೋಣೆ, ಒಂದು ತಗಡಿನ ಒಲೆ, ಕಿಟಕಿಯ ಒಂದು ಗಾಜಿನ ಜಾಗಕ್ಕೆ ರಟ್ಟು. ಅಂಗಳದ ಕಲ್ಲಿದ್ದಲನ್ನು ಅವಳು ಮುಟ್ಟಲಿಲ್ಲ. ಮಾರಿಕೆಯ ಕೆಮ್ಮು ಇನ್ನೂ ಹೋಗಿರಲಿಲ್ಲ.

ಬುಧವಾರ ತೀಸೆನ್ ಗಾಡಿಯನ್ನೂ ಇಬ್ಬರು ಆಳುಗಳನ್ನೂ ಕಳಿಸಿದ. "ಭಾರ ಎತ್ತಬೇಡ ಅಂತ ಹೇಳ್ಕಳಿಸಿದಾರೆ, ಅಕ್ಕ" ಎಂದರು ಆಳುಗಳು. ಬೇಡವೆಂದಳು. ಅವರು ಖಾಲಿ ಗಾಡಿ ಹೊಡೆದುಕೊಂಡು ಹಿಂದಿರುಗುವುದನ್ನು ಊರು ನೋಡಿತು. ಅಷ್ಟೆಲ್ಲ ಅಂದ ಮೇಲೂ ಗಾಡಿ ಕಳಿಸಿದನಲ್ಲ, ದೊಡ್ಡ ಮನಸ್ಸು, ಎಂದು ಬಾವಿಯ ಹತ್ತಿರ ಯಾರೋ ಅಂದದ್ದು ಸಂಜೆಯೊಳಗೆ ಅವಳ ಕಿವಿಗೂ ಬಿತ್ತು.

ಮಕ್ಕಳ ಹಿಮಗಾಡಿಯಲ್ಲಿ ಸಾಮಾನು ಹೇರಿ ಅವಳೇ ಎಳೆದಳು. ಹಿಂದಿನಿಂದ ನಡುವಿನ ಮಗ ಹೈನ್ ತಳ್ಳಿದ, ಲೇನಾ ಮಾತಾಡದೆ ಮಾರಿಕೆಯನ್ನು ಎತ್ತಿಕೊಂಡಳು. ಉಲ್ಕನ್ ಮನೆಯ ಮುಂದಿನಿಂದಲೇ ದಾರಿ. ಮೊದಲ ಎರಡು ಸಲ ಗೇಟು ಮುಚ್ಚಿತ್ತು. ಮೂರನೆಯ ಸಲ ಉಲ್ಕನ್ ಗೇಟಿನ ಹೊರಗೆ ನಿಂತಿದ್ದಳು, ಕೈ ಎರಡೂ ಕೋಟಿನ ತೋಳಿನೊಳಗೆ.

ಅಗಾತೆ ನಿಂತಳು. ಉಸಿರು ಬಾಯಿಂದ ಹೊಗೆಯಂತೆ ಬರುತ್ತಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದಳು.

"ಹಗ್ಗ ಸಡಿಲ ಆಗಿದೆ" ಎಂದಳು ಉಲ್ಕನ್. "ಇಳಿಜಾರಲ್ಲಿ ಪೆಟ್ಟಿಗೆ ಬೀಳುತ್ತೆ."

ಹೇಳಿದಳು, ಅಷ್ಟೆ. ಬಂದು ಕಟ್ಟಲಿಲ್ಲ. ಅಗಾತೆ ಹಿಮದಲ್ಲಿ ಮಂಡಿಯೂರಿ, ಹೆಪ್ಪುಗಟ್ಟಿದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚತೊಡಗಿದಳು.